ಯಾವ ಕ್ಯಾಂಪು?

ದೊಮ್ಮಲೂರಿನ ಜಗನ್‌ಗೆ ಮಾತು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ ಎಂಬುದು ಅವನೊಬ್ಬನನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು. ಕೆಟ್ಟವನಲ್ಲ, ಸುಳ್ಳನಂತೂ ಅಲ್ಲವೇ ಅಲ್ಲ. ಸುಳ್ಳು ಹೇಳುವವನಿಗಾದರೂ ಒಂದಿಷ್ಟು ಮುಚ್ಚಿಡುವ ಅಭ್ಯಾಸ ಇರುತ್ತದೆ, ಇವನಿಗೆ ಅದೂ ಇರಲಿಲ್ಲ. ಬೆಳಿಗ್ಗೆ ಹಲ್ಲುನೋವು ಬಂದರೆ ಅದು ಯಾವ ಹಲ್ಲು ಎಂದು ಮಧ್ಯಾಹ್ನದೊಳಗೆ ವಠಾರದವರೆಲ್ಲ ಹೇಳಬಲ್ಲವರಾಗಿರುತ್ತಿದ್ದರು. ಅಪ್ಪನ ಕಾಲದ ರಾಗಿ ಹೊಲ ರಿಂಗ್ ರೋಡಿಗೂ ಆಫೀಸು ಕಟ್ಟಡಗಳಿಗೂ ಹೋಗಿ, ಉಳಿದ ಜಾಗದಲ್ಲಿ ಸಾಲಾಗಿ ಬಾಡಿಗೆ ಕೋಣೆಗಳು ಎದ್ದಿದ್ದವು. ಆ ಕೋಣೆಗಳನ್ನು ನೋಡಿಕೊಳ್ಳುವುದೇ ಅವನ ಉದ್ಯೋಗ. ಒಂದೊಂದು ಬಾಗಿಲಿಗೂ ಹೋಗಬೇಕು, ಕೂರಬೇಕು, ಕಾಫಿ ಕುಡಿಯಬೇಕು, ಮಾತಾಡಬೇಕು. ಇಂಥ ಕೆಲಸ ಸಿಕ್ಕವನ ಬಾಯಿಗೆ ಬೀಗ ಹಾಕುವವರು ಯಾರು?

ಅವನ ಹೆಂಡತಿ ಭವ್ಯ ದಸರಾ ಹಬ್ಬಕ್ಕೆಂದು ಕೆ.ಆರ್. ಪುರದ ತಾಯಿ ಮನೆಗೆ ಹೋದವಳು ದೀಪಾವಳಿ ಕಳೆದರೂ ವಾಪಸು ಬರಲಿಲ್ಲ. ಜಗಳ ಆಗಿರಲಿಲ್ಲ, ಒಂದು ಬಿರುಸು ಮಾತೂ ಆಡಿರಲಿಲ್ಲ. ಸೂಟ್‌ಕೇಸು ತೆಗೆದುಕೊಂಡು ಹೋದಳು, ಅಷ್ಟೇ. ಫೋನ್ ಮಾಡಿ ಕೇಳಿದರೆ, ನಿನಗೇ ಗೊತ್ತಾಗಲಿ ಎನ್ನುತ್ತಿದ್ದಳು. ಜಗನ್‌ಗೆ ತಲೆಬುಡ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಕಂಡಕಂಡವರಲ್ಲಿ ಕೇಳುವುದು ಅವನ ರೂಢಿ. ತಾಯಿ ದೊಡ್ಡಮುನಿಯಮ್ಮ, ಸೊಸೆ ಇಂದಿರಾನಗರದ ಆಫೀಸಿಗೆ ಹೋಗುವುದೇ ಇದಕ್ಕೆಲ್ಲ ಮೂಲ ಎಂದಳು. ಮೊದಲ ಕೋಣೆಯ ಆಂಜನಮ್ಮ ಯಾರದೋ ಕಣ್ಣು ಬಿದ್ದಿದೆ ಎಂದಳು. ಕ್ಷೌರದ ಅಂಗಡಿಯವನು ಕತ್ತರಿ ನಿಲ್ಲಿಸಿ, ಒಂದು ಸ್ಕೂಟಿ ಕೊಡಿಸಿ ನೋಡಿ ಸಾರ್ ಎಂದ. ಜಗನ್ ಸ್ಕೂಟಿ ಕೊಡಿಸಿಯೂ ನೋಡಿದ. ಅದು ಕೆ.ಆರ್. ಪುರದ ಮನೆಯ ಮುಂದೆ ಯಾರೂ ಮುಟ್ಟದೆ ನಿಂತಿತ್ತು.

ಆಷಾಢದಲ್ಲಿ ಒಂದು ನೋವಾಗಿತ್ತು, ನಿಜ. ಭವ್ಯಳಿಗೆ ಎರಡು ತಿಂಗಳ ಬಸಿರು ನಿಲ್ಲದೆ ಹೋಗಿತ್ತು. ಆದರೆ ಆಗ ಆಸ್ಪತ್ರೆಗೆ ಕರೆದುಕೊಂಡು ಓಡಿದವನು ತಾನೇ, ದಿನವೂ ಎಳನೀರು ತಂದವನು ತಾನೇ, ಇಡೀ ಬೀದಿಯೇ ಬಂದು ಅವಳನ್ನು ಮಾತಾಡಿಸಿಕೊಂಡು ಹೋಗಿತ್ತು. ಇನ್ನೇನು ಕಡಿಮೆಯಾಗಿತ್ತು? ಹಾಗಾಗಿ ಅದು ಕಾರಣ ಇರಲಾರದು ಎಂದು ಅವನು ಆ ಯೋಚನೆಯನ್ನು ಮೊದಲೇ ಪಕ್ಕಕ್ಕಿಟ್ಟಿದ್ದ.

ಕಾರ್ತಿಕದ ಒಂದು ಭಾನುವಾರ ಭವ್ಯಳೇ ಕರೆಸಿದಳು. ಕೆ.ಆರ್. ಪುರದ ತೂಗುಸೇತುವೆಯ ಹತ್ತಿರ, ಬಸ್ಸುಗಳ ಗದ್ದಲದ ನಡುವೆ ನಿಂತು ತನ್ನ ಷರತ್ತು ಹೇಳಿದಳು.

"ಎರಡು ದಿನ ನಾವಿಬ್ರೇ ಹೋಗಿ ಟೆಂಟ್ ಹಾಕ್ಕೊಂಡು ಇರೋಣ ಜಗನ್. ನಿಮ್ಮಮ್ಮ ಇಲ್ಲ, ಡ್ರೈವರ್ ಇಲ್ಲ, ಬಾಡಿಗೆಯವ್ರಿಲ್ಲ. ವಾಪಸ್ ಬಂದು ದಂಡು ಸ್ಟೇಷನ್ನಲ್ಲಿ ಇಳಿದಾಗ ಆಟೋದವನಿಗೆ ನಾನು ಹೇಳ್ತೀನಿ, ದೊಮ್ಮಲೂರೋ, ಕೆ.ಆರ್. ಪುರವೋ ಅಂತ. ಕೆ.ಆರ್. ಪುರ ಅಂದ್ರೆ ನೀನು ಮತ್ತೆ ಬರಬಾರದು."

ಜಾಗವನ್ನೂ ಅವಳೇ ಹೇಳಿದಳು. ಅವಳ ಆಫೀಸಿನವರು ಯಾರೋ ಹೋಗಿ ಬಂದಿದ್ದರಂತೆ. ಬಡಗಣ ಸೀಮೆಯಲ್ಲಿ, ಗಂಗಾವತಿಯಿಂದ ಆಚೆ, ತುಂಗಭದ್ರೆಯ ದಂಡೆಯ ಬಯಲಿನಲ್ಲಿ ಸರ್ಕಾರದವರು ಸಾರ್ವಜನಿಕರಿಗೆಂದು ಒಂದು ಕ್ಯಾಂಪಿಂಗ್ ಜಾಗ ಮಾಡಿದ್ದಾರೆ. ನಲ್ಲಿ ಇದೆ, ಕಲ್ಲಿನ ಒಲೆ ಇದೆ, ಯಾರು ಬೇಕಾದರೂ ಡೇರೆ ಹೊಡೆದುಕೊಂಡು ಇರಬಹುದು. ಅಲ್ಲಿಯ ನಂಬರನ್ನು ಜಗನ್‌ನ ಮೊಬೈಲಿಗೆ ತಾನೇ ಒತ್ತಿ ಸೇರಿಸಿದಳು. ಬುಕಿಂಗ್ ನೀನೇ ಮಾಡು, ಬೇರೆ ಯಾರನ್ನೂ ಕೇಳಬೇಡ, ನಾನು ಕೇಳುವುದು ಇಷ್ಟೇ ಎಂದಳು. ಜಗನ್ ತಾಯಾಣೆ ಎಂದ.

ತಾಯಾಣೆ ಎಂದವನು ನೇರ ತಾಯಿಯ ಹತ್ತಿರ ಹೋಗಿ ಹೇಳಿದ. ಕ್ಯಾಂಪ್ ಎಂದ ಕೂಡಲೇ ದೊಡ್ಡಮುನಿಯಮ್ಮನ ಮುಖ ಬಿಳುಚಿತು. ಅವಳ ಕಾಲದಲ್ಲಿ ಕ್ಯಾಂಪ್ ಎಂದರೆ ಶಾಲೆಯ ಬೆಂಚಿನ ಮೇಲೆ ಮಲಗಿಸಿ ಹೆಂಗಸರಿಗೆ ಆಪರೇಷನ್ ಮಾಡಿ ಕಳಿಸುವುದು. ಇನ್ನೂ ಒಂದು ಮಗುವಿಲ್ಲ, ಈಗಲೇ ಅಲ್ಲಿಗೆ ಯಾಕಪ್ಪ ಎಂದು ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದಲ್ಲ, ಡೇರೆಯಲ್ಲಿ ಮಲಗುವುದು ಎಂದು ಮಗ ಬಿಡಿಸಿ ಹೇಳಿದ ಮೇಲೆ ಅಳು ನಿಂತಿತು, ಆದರೆ ದಿಗಿಲು ಹೆಚ್ಚಾಯಿತು. ಇಷ್ಟೊಂದು ಕೋಣೆ ಕಟ್ಟಿಸಿರುವವರು ಬಟ್ಟೆಯೊಳಗೆ ಯಾಕೆ ಮಲಗಬೇಕು? ಅದನ್ನು ಕೇಳಲು ಜಗನ್ ಕೋಣೆ ಕೋಣೆಗೂ ಹೋದ. ದೀಪ ಹಚ್ಚುವ ಹೊತ್ತಿಗೆ ವಠಾರದಲ್ಲೆಲ್ಲ ಅದೇ ಮಾತು.

ಕೊನೆಯ ಕೋಣೆಯ ಭೀಮಾಶಂಕರ ಸಿಂಧನೂರು ಕಡೆಯವನು. ಅಪಾರ್ಟ್‌ಮೆಂಟೊಂದರ ಸೆಕ್ಯುರಿಟಿ, ಪರೋಪಕಾರಿ, ತನ್ನ ಸೀಮೆಯ ಹೆಸರು ಕಿವಿಗೆ ಬಿದ್ದರೆ ಸಾಕು ಎದ್ದು ನಿಲ್ಲುವವನು.

"ಹೊಳಿ ದಂಡಿ ಮ್ಯಾಲಿನ ಕ್ಯಾಂಪ್ ಅಲ್ಲೇನ್ರಿ? ಅದು ಹೊಳಿಕ್ಯಾಂಪ್ ರಿ. ನಮ್ಮ ಕಾಕಾನ ಮಗಳು ಲಕ್ಷ್ಮಿದೇವಿನ್ನ ಅಲ್ಲೇ ಕೊಟ್ಟೀವಿ. ನೀವ್ಯಾಕ ಫೋನ್ ಹಚ್ತೀರಿ ಓನರ್ರ, ಬಿಡ್ರಿ, ನಾ ಹೇಳ್ತೀನಿ" ಎಂದ.

ಇಲ್ಲಿಯೇ ಎಡವಟ್ಟಾದದ್ದು. ಆ ಕಡೆಗೆ ಕಾಲುವೆ ಬಂದಾಗ ಎಲ್ಲೆಲ್ಲಿಂದಲೋ ಜನ ಬಂದು ಜಮೀನು ಹಿಡಿದು, ಮೊದಮೊದಲು ಗುಡಿಸಲು ಡೇರೆಗಳಲ್ಲಿ ಇದ್ದರು. ಹಾಗಾಗಿ ಅಂಥ ನೆಲೆಗಳಿಗೆಲ್ಲ ಕ್ಯಾಂಪ್ ಎಂದು ಹೆಸರು ಬಿತ್ತು. ಆಮೇಲೆ ತಾರಸಿ ಮನೆಗಳಾದವು, ರೈಸ್‌ಮಿಲ್ಲುಗಳಾದವು, ಹೆಸರು ಮಾತ್ರ ಹಾಗೇ ಉಳಿಯಿತು. ಭೀಮಾಶಂಕರನಿಗೆ ಕ್ಯಾಂಪ್ ಎಂದರೆ ಊರು. ಭವ್ಯಳಿಗೆ ಕ್ಯಾಂಪ್ ಎಂದರೆ ಡೇರೆ. ಜಗನ್‌ಗೆ ಎರಡರ ಗೊಡವೆಯೂ ಇಲ್ಲ, ಒಬ್ಬರು ಹೊಣೆ ಹೊತ್ತರು ಎಂಬುದೇ ಸಮಾಧಾನ. ಭವ್ಯ ಒತ್ತಿಕೊಟ್ಟ ನಂಬರು ಮೊಬೈಲಿನಲ್ಲೇ ಉಳಿಯಿತು.

ಡೇರೆಗೆ ಶಿವಾಜಿನಗರಕ್ಕೆ ಹೋದ. ಮಾರ್ಕೆಟ್ಟಿನ ಹಿಂದಿನ ಸಂದಿಯಲ್ಲಿ ಅಸ್ಗರ್ ಮಿಲಿಟರಿಯವರು ಹರಾಜು ಹಾಕಿದ ಹಳೇ ಸಾಮಾನು ಮಾರುತ್ತಿದ್ದ. ಕ್ಯಾಂಪಿಗೆ ಹೋಗುತ್ತಿದ್ದೇನೆ ಎಂದರೆ ಅವನು ನಕ್ಕು, ಈ ದಂಡು ಪ್ರದೇಶವೇ ದೊಡ್ಡ ಕ್ಯಾಂಪು, ಇಲ್ಲಿಂದ ಇನ್ನೆಲ್ಲಿಗೆ ಹೋಗ್ತೀಯ ಭಾಯ್ ಎಂದ. ಆಮೇಲೆ ಎಷ್ಟು ಜನಕ್ಕೆ ಎಂದು ಕೇಳಿದ. ಇಬ್ಬರಿಗೆ ಎನ್ನಬೇಕಿತ್ತು. ಆದರೆ ಜಗನ್ ಹುಟ್ಟಿದಂದಿನಿಂದ ಇಬ್ಬರಿಗೆಂದು ಏನನ್ನೂ ತಂದವನಲ್ಲ. ತಾನು, ಭವ್ಯ, ಅಕಸ್ಮಾತ್ ಅಮ್ಮ ಹೊರಟರೆ, ಅಲ್ಲಿ ಯಾರಾದರೂ ಬಂದರೆ ಎಂದು ಮನಸ್ಸಿನಲ್ಲೇ ಯೋಚಿಸಿ, ಸ್ವಲ್ಪ ದೊಡ್ಡದೇ ಇರಲಿ ಗುರು ಎಂದುಬಿಟ್ಟ. ಅಸ್ಗರ್ ಹತ್ತು ಸಿಪಾಯಿಗಳು ಮಲಗುವ ಡೇರೆಯನ್ನು ಕಟ್ಟಿಕೊಟ್ಟ. ಅದನ್ನು ದಂಡು ಸ್ಟೇಷನ್ನಿನಲ್ಲಿ ರೈಲು ಹತ್ತಿಸಲು ಇಬ್ಬರು ಪೋರ್ಟರುಗಳು ಬೇಕಾದರು. ಭವ್ಯ ಆ ಮೂಟೆ ನೋಡಿ, ಏನಿದು ಎಂದು ಕೇಳಿದಳು. ಟೆಂಟು ಎಂದ. ಯಾರದ್ದು ಎಂದಳು. ನಮ್ಮದೇ ಎಂದ. ಅವಳು ಬೋಗಿ ಹತ್ತಿದಳು.

ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿದು, ಬಸ್ಸು ಹಿಡಿದು ಗಂಗಾವತಿಗೆ ಬಂದು, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿದರು. ಕಿಟಕಿಯಾಚೆ ಅಡ್ಡಿಯಿಲ್ಲದ ಬಯಲು, ಕೊಯ್ಲಿಗೆ ಬಂದ ಭತ್ತ, ಕರಿ ಮಣ್ಣು, ದೂರದಲ್ಲಿ ಆಕಾಶ ನೆಲ ಮುಟ್ಟಿದ ಗೆರೆ. ಭವ್ಯ ಮೊದಲ ಸಲ ಸ್ವಲ್ಪ ಸಡಿಲಾಗಿ ಕೂತಳು. ಕಂಡಕ್ಟರ್ ಬಂದ. ಕ್ಯಾಂಪಿಗೆ ಎರಡು ಟಿಕೆಟ್ ಎಂದ ಜಗನ್.

"ಯಾವ ಕ್ಯಾಂಪು?" ಎಂದ ಕಂಡಕ್ಟರ್.

ಭವ್ಯ ತಿರುಗಿ ನೋಡಿದಳು. ಕ್ಯಾಂಪು ಅಂದರೆ ಹೊಳೆ ಪಕ್ಕದ್ದು ಎಂದು ಜಗನ್ ಹೇಳಿದರೆ, ಈ ರಸ್ತೆಯಲ್ಲಿರುವುದೆಲ್ಲ ಕ್ಯಾಂಪೇ, ಅರ್ಧಕ್ಕರ್ಧ ಹೊಳೆ ಪಕ್ಕದ್ದೇ, ಹೆಸರು ಹೇಳಿ ಎಂದು ಅವನು ರೇಗಿದ. ಹೊಳೆಕ್ಯಾಂಪ್ ಎಂದು ಜಗನ್ ಹೆಮ್ಮೆಯಿಂದಲೇ ಹೇಳಿದ. ಅದಕ್ಕೆ ಹೆಸರೂ ಇದೆಯಾ ಎಂದು ಭವ್ಯ ಮೆಲ್ಲಗೆ ಕೇಳಿದಳು. ಇದೆ, ಎಲ್ಲ ವಿಚಾರಿಸಿದ್ದೇನೆ ಎಂದ. ಟಿಕೆಟ್ಟು ಮಡಿಸಿ ಜೇಬಿಗಿಟ್ಟುಕೊಂಡ.

ಬಸ್ಸು ನಿಂತಲ್ಲಿ ಸಿಮೆಂಟಿನ ಕಮಾನು, ಅದರಾಚೆ ರೈಸ್‌ಮಿಲ್ಲು, ನೀರಿನ ಟ್ಯಾಂಕು, ಮನೆಮನೆಯ ಮೇಲೆ ಟಿವಿಯ ಡಿಷ್ಷು. ಕಮಾನಿನ ಕೆಳಗೆ ಹೂವಿನ ಹಾರ ಹಿಡಿದು ಒಂದು ಗುಂಪು ನಿಂತಿತ್ತು. ಆರತಿ ತಟ್ಟೆ ಹಿಡಿದವಳು ಲಕ್ಷ್ಮಿದೇವಿ. ಅಣ್ಣನ ಓನರ್ರು ಬಂದರು ಎಂದು ಅವಳು ಕೂಗಿದ್ದೇ ತಡ, ಹಾರ ಬಿತ್ತು, ಕುಂಕುಮ ಬಿತ್ತು, ಇಬ್ಬರನ್ನೂ ಒಂದು ಮನೆಯ ಪಡಸಾಲೆಗೆ ಕರೆದೊಯ್ದು ಫ್ಯಾನಿನ ಕೆಳಗೆ ಕೂರಿಸಿದರು. ರೊಟ್ಟಿ ಬಂತು, ಎಣ್ಣೆಗಾಯಿ ಬಂತು, ಗಟ್ಟಿ ಮೊಸರು ಬಂತು. ನೋಡಲು ಬಂದವರು ಬಾಗಿಲ ತುಂಬ ನಿಂತರು. ಮದುವೆಯಾಗಿ ಎಷ್ಟು ವರ್ಷವಾಯಿತು, ಮಕ್ಕಳೆಷ್ಟು ಎಂದು ಒಬ್ಬಾಕೆ ಭವ್ಯಳನ್ನು ಕೇಳಿದಳು. ಭವ್ಯ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

"ಜಗನ್, ನಾನು ಕೊಟ್ಟ ನಂಬರಿಗೆ ಫೋನ್ ಮಾಡಿದ್ಯಾ?"

ಜಗನ್ ನೀರು ಕುಡಿದ. ಸುಳ್ಳು ಬರುವುದಿಲ್ಲವಲ್ಲ. ಭೀಮಾಶಂಕರ ಮಾಡ್ತೀನಿ ಅಂದ ಎಂದ. ಅವಳು ತಟ್ಟೆ ಬಿಟ್ಟು ಎದ್ದು ಹೊರಗಿನ ಕಟ್ಟೆಯ ಮೇಲೆ ಹೋಗಿ ಕೂತಳು. ಕೆಲಸ ಕೆಟ್ಟಿತು ಎಂಬುದು ಅವನಿಗೆ ಗೊತ್ತಾಯಿತು. ಎಲ್ಲಿ ಕೆಟ್ಟಿತು ಎಂಬುದು ಗೊತ್ತಾಗಲಿಲ್ಲ. ಡೇರೆ ಹೊಡೆದುಬಿಟ್ಟರೆ ಸರಿಹೋಗಬಹುದು ಎಂದುಕೊಂಡು ಎದುರಿನ ಶಾಲೆಯ ಮೈದಾನದಲ್ಲಿ ಮೂಟೆ ಬಿಚ್ಚಿದ.

ಬಿಚ್ಚಿದ ಮೇಲೆ ಊರಿನ ಗಂಡಸರೆಲ್ಲ ಕೈಹಾಕಿದರು. ಹಗ್ಗ ಎಳೆದರು, ಗೂಟ ಬಡಿದರು, ನೋಡನೋಡುತ್ತ ಹಸಿರು ಬಣ್ಣದ ದೊಡ್ಡ ಡೇರೆ ಎದ್ದು ನಿಂತಿತು. ಬೆಂಗಳೂರಿನಲ್ಲಿ ಸಾಲು ಮನೆ ಇರುವ ಮನುಷ್ಯ, ಪಡಸಾಲೆ ಬಿಟ್ಟು ಇದರೊಳಗೆ ಏನು ಮಾಡುತ್ತಾನೆ ಎಂದು ಅವರಿಗೂ ಗೊಂದಲ. ಯಾರೋ ಒಬ್ಬ ಅನುಭವಸ್ಥ ಗೊಂದಲ ಬಿಡಿಸಿದ: ಇದು ಕಣ್ಣಿನ ಕ್ಯಾಂಪು. ಹೋದ ವರ್ಷ ಪಕ್ಕದ ಕ್ಯಾಂಪಿನಲ್ಲಿ ಇಂಥದೇ ಡೇರೆ ಹಾಕಿ ಮುದುಕರ ಕಣ್ಣು ಪರೀಕ್ಷೆ ಮಾಡಿದ್ದರಂತೆ. ಸುದ್ದಿ ಮನೆಮನೆಗೆ ಹೋಯಿತು. ಕ್ಯಾಂಪಿಗೆ ಕ್ಯಾಂಪು ಬಂದಿದೆ ಎಂದು ಮುದುಕ ಮುದುಕಿಯರು ಕೋಲೂರಿಕೊಂಡು ಬಂದು ಡೇರೆಯ ಮುಂದೆ ಸಾಲು ನಿಂತರು. ಮುಂದಿದ್ದ ಅಜ್ಜಿ ರೆಪ್ಪೆ ಎತ್ತಿ ಹಿಡಿದು, ನೋಡಪ್ಪ ಎಂದಳು. ಇಲ್ಲ ಎನ್ನಲು ಬಾರದ ಜಗನ್ ಬಗ್ಗಿ ನೋಡಿಯೇಬಿಟ್ಟ. ನೀರು ಸೋರ್ತಿದೆ ಎಂದ. ಹೌದು, ಹೌದು ಎಂದು ಅಜ್ಜಿ ಸಂತೋಷಪಟ್ಟಳು. ಹಿಂದಿನವರು ಒತ್ತಿಕೊಂಡು ಮುಂದೆ ಬಂದರು. ಜಗನ್ ಕಣ್ಣು ಕಣ್ಣು ಬಿಡುತ್ತ ಭವ್ಯಳ ಕಡೆ ನೋಡಿದ. ಅವಳು ದುಪಟ್ಟಾದಿಂದ ಮುಖ ಮುಚ್ಚಿಕೊಂಡಿದ್ದಳು, ಭುಜ ಕುಲುಕುತ್ತಿತ್ತು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ.

ಲಕ್ಷ್ಮಿದೇವಿ ಮಾತ್ರ ಅವಳ ಪಕ್ಕ ಕೂತು ಮೆಲ್ಲಗೆ ವಿಚಾರಿಸಿದಳು. ಭವ್ಯ ಹೇಳಿದಳು. ಅದಕ್ಕೇನಂತೆ ಅಕ್ಕಾ, ಅದು ಗುಡಾರದ ಬಯಲು, ಹೊಳೆಯ ತಿರುವಿನಲ್ಲಿದೆ, ಟ್ರ್ಯಾಕ್ಟರಿನಲ್ಲಿ ಬಿಡಿಸ್ತೀನಿ ಎಂದು ಅವಳು ಸೆರಗು ಸಿಕ್ಕಿಸಿಕೊಂಡು ಎದ್ದಳು. ಡೇರೆ ಇಳಿಯಿತು. ಮುದುಕರು ಗೊಣಗುತ್ತ ಚದುರಿದರು. ಟ್ರಾಲಿಯಲ್ಲಿ ಡೇರೆಯ ಜೊತೆ ಅರ್ಧ ಊರೇ ಹತ್ತಿತು. ಇಳಿಯಿರಿ ಎಂದು ಹೇಳಲು ಜಗನ್‌ಗೆ ಬಾಯಿ ಬರಲಿಲ್ಲ. ಬದಲು ಸ್ವಲ್ಪ ಸರಿದು ಜಾಗ ಮಾಡಿಕೊಟ್ಟ.

ಹೊಳೆಯ ಬಯಲಿಗೆ ತಂತಿ ಬೇಲಿ, ಬಾಗಿಲಲ್ಲಿ ಕಾವಲುಗಾರ ಸಂಜೀವಪ್ಪ. ವಯಸ್ಸಾದವನು, ಕಿವಿ ಮಂದ. ಬುಕಿಂಗ್ ಇಲ್ಲವೆಂದು ತಿಳಿದಾಗ ತಲೆ ಕೆರೆದುಕೊಂಡ, ಬಯಲಿನಲ್ಲಿ ಬೇರೆ ಡೇರೆಯವರು ಯಾರೂ ಇಲ್ಲ ಎಂದು ನೋಡಿದ, ಗಂಡ ಹೆಂಡತಿ ಇಬ್ಬರೇ ಆದರೆ ಬಿಡುತ್ತೇನೆ, ಜಾತ್ರೆಯನ್ನು ಬಿಡುವುದಿಲ್ಲ ಎಂದ. ಜಗನ್ ಹೇಳಲಾರದ್ದನ್ನು ಅವನು ಹೇಳಿ ಮುಗಿಸಿದ. ಟ್ರ್ಯಾಕ್ಟರು ಧೂಳೆಬ್ಬಿಸುತ್ತ ಹಿಂದಕ್ಕೆ ಹೋಯಿತು.

ಆಮೇಲೆ ಸದ್ದಿಲ್ಲ. ಬಂಡೆಗಳ ನಡುವೆ ನೀರು ಹರಿಯುವುದು ಬಿಟ್ಟರೆ ಏನೂ ಇಲ್ಲ. ಒಂದು ನಲ್ಲಿ, ಕಲ್ಲಿನ ಒಲೆಗಳು, ಬೇವಿನ ಮರ, ಆಚೆ ದಡದಲ್ಲಿ ಬೆಳ್ಳಕ್ಕಿ, ಮತ್ತೆ ಎತ್ತ ನೋಡಿದರೂ ಬಯಲು. ಇಬ್ಬರೇ ಸೇರಿ ಆ ಡೇರೆ ಎಬ್ಬಿಸುವಷ್ಟರಲ್ಲಿ ಸಾಕುಸಾಕಾಯಿತು. ಒಂದು ಮೂಲೆ ಎತ್ತಿದರೆ ಇನ್ನೊಂದು ಬೀಳುವುದು. ಕೊನೆಗೆ ಹೇಗೋ ನಿಂತಿತು, ಒಂದು ಮಗ್ಗುಲು ಜೋಲುತ್ತಿತ್ತು. ಒಳಗೆ ಎರಡು ಚಾಪೆ ಹಾಸಿದರೆ ಮದುವೆ ಛತ್ರದ ಮೂಲೆಯಲ್ಲಿ ಮಲಗಿದ ಹಾಗಿತ್ತು. ಭವ್ಯ ಈ ಸಲ ನಿಜವಾಗಿಯೂ ನಕ್ಕಳು. ಉಳಿದ ಎಂಟು ಜನ ಯಾವಾಗ ಬರ್ತಾರೆ ಎಂದು ಕೇಳಿದಳು. ಜಗನ್‌ಗೆ ಜೀವ ಬಂದ ಹಾಗಾಯಿತು. ಈ ನಗುವಿನ ವಿಷಯ ಅಮ್ಮನಿಗೆ ಹೇಳಬೇಕು ಎನಿಸಿ ಮೊಬೈಲು ತೆಗೆದ. ಸಿಗ್ನಲ್ ಇರಲಿಲ್ಲ. ಮೊಬೈಲನ್ನು ಆಕಾಶಕ್ಕೆ ಹಿಡಿದುಕೊಂಡು ಬಂಡೆಯಿಂದ ಬಂಡೆಗೆ ಹೋದ, ಬೇವಿನ ಮರದ ಕೆಳಗೆ ನಿಂತ, ಬೇಲಿಯ ತನಕ ಹೋಗಿ ಬಂದ. ಭವ್ಯ ಒಲೆಯ ಪಕ್ಕ ಕೂತು ನೋಡುತ್ತಲೇ ಇದ್ದಳು. ಅವಳ ಮುಖದ ನಗು ಯಾವಾಗ ಹೋಯಿತೋ ಅವನು ಗಮನಿಸಲಿಲ್ಲ.

ಸಂಜೆ ಸೌದೆ ತರುತ್ತೇನೆಂದು ಸಂಜೀವಪ್ಪನ ಗುಡಿಸಲಿಗೆ ಹೋದವನು ಬಹಳ ಹೊತ್ತಾದರೂ ಬರಲಿಲ್ಲ. ಭವ್ಯ ಎದ್ದು ನೋಡಿದಳು. ಜಗನ್ ಕೈ ಆಡಿಸುತ್ತ ಏನೇನೋ ಹೇಳುತ್ತಿದ್ದ, ಕಿವಿ ಕೇಳದ ಸಂಜೀವಪ್ಪ ಎಲ್ಲದಕ್ಕೂ ತಲೆಯಾಡಿಸುತ್ತಿದ್ದ. ಸೌದೆ ಹೊತ್ತು ಬಂದ ಮೇಲೆ ಅವನಿಗೆ ಏನು ಹೇಳಿದೆ ಎಂದು ಕೇಳಿದಳು.

"ಏನಿಲ್ಲ. ನೀನು ಅಮ್ಮನ ಮನೇಲಿ ಇರೋದು. ಯಾಕೆ ಅಂತ ನಂಗೆ ಗೊತ್ತಾಗ್ತಿಲ್ಲ ಅಂತ."

ಭವ್ಯ ಸೌದೆಯನ್ನು ಒಲೆಗೆ ಹಾಕಲಿಲ್ಲ. ಕೆಳಗಿಟ್ಟಳು. ಅವಳು ಸಿಟ್ಟಾಗುತ್ತಾಳೆ ಎಂದು ಜಗನ್ ಕಾದ. ಅವಳು ಸಿಟ್ಟಾಗಲಿಲ್ಲ, ದಣಿದವಳ ಹಾಗೆ ಮಾತಾಡಿದಳು.

"ಅವತ್ತು ಬೆಳಿಗ್ಗೆ ಅಡುಗೆಮನೇಲಿ ನಿನಗೊಬ್ಬನಿಗೇ ಹೇಳಿದ್ದೆ. ಮೂರು ತಿಂಗಳಾಗ್ಲಿ, ಯಾರಿಗೂ ಹೇಳ್ಬೇಡ ಅಂದಿದ್ದೆ. ಸಾಯಂಕಾಲ ಆಫೀಸಿಂದ ಬಂದ್ರೆ ಹಾಲಿನವನು ಕಂಗ್ರಾಚುಲೇಷನ್ಸ್ ಅಂದ."

"ಖುಷಿಗೆ ಹೇಳ್ದೆ ಕಣೆ."

"ಖುಷಿ ನೀನು ಹಂಚ್ದೆ. ಆಮೇಲೆ ಹೋಯ್ತಲ್ಲ, ಅದನ್ನ ಯಾರು ಹೇಳಿದ್ರು?"

ಜಗನ್ ಬಾಯಿ ತೆರೆದ. ಯಾರು ಹೇಳಿದ್ದರು? ನೆನಪಾಗಲಿಲ್ಲ. ಎಲ್ಲರಿಗೂ ಗೊತ್ತಾಗಿತ್ತು, ಅಷ್ಟೇ. ತಾನಂತೂ ಹೇಳಿರಲಿಲ್ಲ. ಆ ಒಂದು ಮಾತು ಅವನ ಬಾಯಿಂದ ಬಂದಿರಲೇ ಇಲ್ಲ.

"ನಾನು ಹೇಳ್ದೆ" ಎಂದಳು ಭವ್ಯ. "ಉಪ್ಪಿನಕಾಯಿ ತಂದ್ಕೊಟ್ಟ ಆಂಜನಮ್ಮಂಗೆ ಹೇಳ್ದೆ. ಹಾಲಿನವನಿಗೆ ಹೇಳ್ದೆ. ದೇವಸ್ಥಾನದಲ್ಲಿ ಎಷ್ಟು ತಿಂಗಳಮ್ಮ ಅಂತ ಕೇಳ್ದೋರಿಗೆ ಹೇಳ್ದೆ. ಹೋಗಿದ್ದು ಒಂದೇ ಸಲ ಜಗನ್. ಬಾಗಿಲು ತೆರೆದಾಗೆಲ್ಲ ನಾನು ಹೇಳ್ಬೇಕಾಯ್ತು."

ಹೊಳೆಯ ಮೇಲಿನ ಬೆಳಕು ಇನ್ನೂ ಪೂರ್ತಿ ಆರಿರಲಿಲ್ಲ. ಬೀದಿಯವರೆಲ್ಲ ಮನೆಗೆ ಬಂದುಹೋದ ಆ ದಿನಗಳು ಜಗನ್‌ನ ಕಣ್ಣ ಮುಂದೆ ಬಂದವು. ಜನ ತನ್ನ ಹೆಂಡತಿಯನ್ನು ಎಷ್ಟು ಪ್ರೀತಿಸುತ್ತಾರೆ ಎಂದು ಅವನು ಆಗ ಬೀಗಿದ್ದ. ಬಾಗಿಲು ತೆರೆಯುತ್ತಿದ್ದವಳು ಯಾರು, ಅವಳು ಏನು ಹೇಳಿ ಬಾಗಿಲು ಹಾಕುತ್ತಿದ್ದಳು ಎಂದು ಒಮ್ಮೆಯೂ ನೋಡಿರಲಿಲ್ಲ. ಈಗ ಏನು ಹೇಳಬೇಕು? ಇಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ಯಾರನ್ನಾದರೂ ಕೇಳಬೇಕಿತ್ತು. ಕೈ ತಾನಾಗಿಯೇ ಜೇಬಿಗೆ ಹೋಯಿತು, ಮೊಬೈಲು ಮುಟ್ಟಿತು, ಖಾಲಿಯಾಗಿ ಹೊರಬಂತು. ಕೇಳಲು ಯಾರೂ ಇಲ್ಲ. ಇದ್ದವಳು ಅವಳೊಬ್ಬಳೇ.

"ಏನ್ ಹೇಳ್ಬೇಕೋ ಗೊತ್ತಾಗ್ತಿಲ್ಲ ಭವ್ಯ" ಎಂದ.

"ಹೇಳ್ಬೇಡ" ಎಂದಳು.

ಜಗನ್ ಅತ್ತ. ಮಗು ಹೋದಾಗ ಅವನು ಅತ್ತಿರಲಿಲ್ಲ, ಓಡಾಟದಲ್ಲಿ ಪುರುಸೊತ್ತಾಗಿರಲಿಲ್ಲ. ಈಗ ಒಲೆಯ ಕಲ್ಲಿನ ಮೇಲೆ ಕೂತು, ಮೂಗು ಸುರಿಸಿಕೊಂಡು ಅತ್ತ. ಭವ್ಯ ಸಮಾಧಾನ ಮಾಡಲಿಲ್ಲ, ಎದ್ದು ಹೋಗಲೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಸೌದೆ ಜೋಡಿಸಿ ಬೆಂಕಿ ಹಚ್ಚಿದಳು. ಅನ್ನ ತಳ ಹಿಡಿಯಿತು, ಅದನ್ನೇ ಇಬ್ಬರೂ ಉಂಡರು.

ಬೆಳಿಗ್ಗೆ ಅವನು ಏಳುವಷ್ಟರಲ್ಲಿ ಅವಳು ಹೊಳೆಯ ಬಂಡೆಯ ಮೇಲೆ ಶಾಲು ಹೊದ್ದು ಕೂತಿದ್ದಳು. ನೀರಿನ ಮೇಲೆ ಮಂಜು ಇತ್ತು. ಅವನು ಹೋಗಿ ಪಕ್ಕದಲ್ಲಿ ಕೂತ. ಕೇಳಲಿಲ್ಲ, ಕೆಣಕಲಿಲ್ಲ, ಅದಕ್ಕೇ ಇರಬೇಕು, ಅವಳು ತಾನಾಗಿಯೇ ಒಂದು ಮಾತು ಹೇಳಿದಳು. ನೀರನ್ನೇ ನೋಡುತ್ತ ಹೇಳಿದಳು. ಜಗನ್ ಕೇಳಿಸಿಕೊಂಡ. ಯಾರಿಗೂ ಹೇಳಬೇಡ ಎಂದು ಅವಳು ಈ ಸಲ ಅನ್ನಲಿಲ್ಲ. ಆ ದಿನವೆಲ್ಲ ಬಯಲಿನಲ್ಲಿ ಸುಮ್ಮನೆ ನಡೆದಾಡಿದರು, ಬಟ್ಟೆ ಒಗೆದುಕೊಂಡರು, ಬೇವಿನ ನೆರಳಲ್ಲಿ ಮಲಗಿದರು. ಸಂಜೀವಪ್ಪ ಎರಡು ಸಲ ಹತ್ತಿರ ಬಂದು ಕೂತ, ನಿನ್ನೆ ಅಷ್ಟು ಮಾತಾಡಿದವನು ಇವತ್ತು ಯಾಕೆ ಬಾಯಿ ಬಿಡುತ್ತಿಲ್ಲ ಎಂದು ಗಲಿಬಿಲಿಗೊಂಡು ಎದ್ದು ಹೋದ.

ಡೇರೆಯನ್ನು ಹೊಳೆಕ್ಯಾಂಪಿನಲ್ಲೇ ಬಿಟ್ಟು ಬಂದರು. ಭತ್ತದ ರಾಶಿಗೆ ಮುಚ್ಚಲು ಬೇಕಿತ್ತು ಎಂದು ಲಕ್ಷ್ಮಿದೇವಿ ಖುಷಿಯಾಗಿ ಇಟ್ಟುಕೊಂಡಳು. ವಾಪಸು ರೈಲಿನಲ್ಲಿ ಭವ್ಯ ಮೇಲಿನ ಬರ್ತಿನಲ್ಲಿ ನಿದ್ದೆ ಹೋದಳು. ಜಗನ್‌ಗೆ ನಿದ್ದೆ ಬರಲಿಲ್ಲ. ಅತ್ತದ್ದು ಸರಿಯೋ, ಹೇಳದೆ ಇದ್ದದ್ದು ಸರಿಯೋ, ಅವಳ ಮನಸ್ಸಿನಲ್ಲಿ ಏನಿದೆಯೋ, ಯಾವುದೂ ಗೊತ್ತಾಗಲಿಲ್ಲ. ಅವಳು ಆ ಮಾತು ಹೇಳಿದ್ದು ತನ್ನನ್ನು ನಂಬಿಯೋ, ಇಲ್ಲ ಇನ್ನು ಮುಂದೆ ಸಿಗುವುದಿಲ್ಲವಲ್ಲ ಎಂದೋ?

ಬೆಳಗಾಗುತ್ತಲೇ ದಂಡು ಸ್ಟೇಷನ್ನಿನಲ್ಲಿ ಇಳಿದರು. ಹೊರಗೆ ಆಟೋದವನು, ಎಲ್ಲಿಗಮ್ಮ ಎಂದ. ಜಗನ್ ಬೇರೆ ಕಡೆ ನೋಡುತ್ತ ನಿಂತ.

"ಕೆ.ಆರ್. ಪುರ" ಎಂದಳು ಭವ್ಯ.

ಜಗನ್ ಅವಳ ಬ್ಯಾಗನ್ನು ಆಟೋದೊಳಗಿಟ್ಟ. ಬಿಟ್ಟು ಬರುತ್ತೇನೆ ಎಂದ. ಅವಳು ಬೇಡ ಎನ್ನಲಿಲ್ಲ. ಆಟೋ ಹಲಸೂರು ದಾಟುವ ಹೊತ್ತಿಗೆ ಮೊಬೈಲು ಬಡಿದುಕೊಂಡಿತು. ದೊಡ್ಡಮುನಿಯಮ್ಮ. ಅವಳ ಗಂಟಲು ಆಟೋದವನಿಗೂ ಕೇಳಿಸುವಂಥದ್ದು. ಬಂದ್ರಾ, ತಿಂದ್ರಾ, ಏನಾಯ್ತು, ಅವಳು ಏನಂದಳು ಎಂದು ಒಂದೇ ಉಸಿರಿಗೆ ಕೇಳಿದಳು.

"ಟೆಂಟ್ ಹಾಕಿದ್ವಿ, ತೆಗೆದ್ವಿ" ಎಂದ ಜಗನ್.

"ಅದಲ್ಲ ಕಣೋ. ಅವಳು ನಿನ್ನತ್ರ ಏನಂದ್ಲು?"

ಮಾತು ನಾಲಿಗೆಯ ತುದಿಯ ತನಕ ಬಂತು. ಹೇಳಿಬಿಟ್ಟರೆ ಎದೆ ಹಗುರಾಗುತ್ತಿತ್ತು. ಹೇಗೂ ಕೆ.ಆರ್. ಪುರ ಎಂದಾಯಿತು, ಇನ್ನು ಮುಚ್ಚಿಟ್ಟು ಆಗಬೇಕಾದ್ದೇನು? ಭವ್ಯ ರಸ್ತೆ ನೋಡುತ್ತಿದ್ದಳು.

"ಅದು ನಮ್ಮಿಬ್ರ ವಿಷಯಮ್ಮ" ಎಂದ.

 ಆಚೆ ಕಡೆಯಿಂದ ದೊಡ್ಡಮುನಿಯಮ್ಮ, ಹಲೋ, ಹಲೋ, ಜಗನ್ ಎಲ್ಲಿ, ಯಾರು ಮಾತಾಡೋದು ಎಂದು ಕೂಗಿದಳು. ತಪ್ಪಿ ಬೇರೆ ಯಾರಿಗೋ ಫೋನ್ ಹೋಗಿದೆ ಎಂದುಕೊಂಡು ಇಟ್ಟುಬಿಟ್ಟಳು.

ಇಂದಿರಾನಗರದ ಹಂಡ್ರೆಡ್ ಫೀಟ್ ರೋಡಿನ ಸಿಗ್ನಲ್ಲಿನಲ್ಲಿ ಆಟೋ ನಿಂತಿತು. ನೇರ ಹೋದರೆ ಕೆ.ಆರ್. ಪುರ.

"ಅಣ್ಣ, ರೈಟ್ ತಗೊಳ್ಳಿ" ಎಂದಳು ಭವ್ಯ.

"ಕೆ.ಆರ್. ಪುರ ಅಂದ್ರಲ್ಲಮ್ಮ?"

"ಈಗ ದೊಮ್ಮಲೂರು ಅಂತಿದೀನಿ."

ಆಟೋದವನು ಗೊಣಗುತ್ತ ಹ್ಯಾಂಡಲು ತಿರುಗಿಸಿದ. ಯಾಕೆ ಎಂದು ಕೇಳಬೇಕೆಂದು ಜಗನ್‌ಗೆ ಬಹಳ ಅನಿಸಿತು. ಕೇಳಲಿಲ್ಲ. ಮುಂದೆ ದೊಮ್ಮಲೂರಿನ ಅರ್ಧಕ್ಕೆ ನಿಂತ ಫ್ಲೈಓವರ್ ಕಾಣಿಸಿತು.

ಕ್ಯಾಂಪಿನಲ್ಲಿ ಅವಳು ಏನು ಹೇಳಿದಳು ಎಂದು ಆಮೇಲೆ ತಾಯಿ ಮತ್ತೆ ಮತ್ತೆ ಕೇಳಿದಳು. ಭೀಮಾಶಂಕರ ಕೇಳಿದ, ಆಂಜನಮ್ಮ ಕೇಳಿದಳು, ಕ್ಷೌರದ ಅಂಗಡಿಯವನು ಕತ್ತರಿ ನಿಲ್ಲಿಸಿಕೊಂಡು ಕೇಳಿದ. ಅಲ್ಲಿ ಬೆಳಿಗ್ಗೆ ಚಳಿ ಜಾಸ್ತಿ ಎನ್ನುತ್ತಾನೆ ಜಗನ್.